ಬೇಲೂರಾ, ಹಳೇಬೀಡಾ, ಬೆಳಗೊಳವಾ? ಹಾಸನಕ್ಕೆ ಬಂದವರಿಗೆ ಯಾವುದನ್ನು ತೋರಿಸುವುದು

ಹಾಸನದಲ್ಲಿ ಮನೆ ಇದೆ ಎಂದರೆ ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಫೋನ್ ಬಂದೇ ಬರುತ್ತದೆ. "ಶನಿವಾರ ಬೆಳಿಗ್ಗೆ ಬರ್ತೀವಿ, ಭಾನುವಾರ ಊಟ ಮಾಡ್ಕೊಂಡು ಹೊರಡ್ತೀವಿ, ಎಲ್ಲಾ ತೋರಿಸಿಬಿಡಿ." ತಾಪತ್ರಯ ಇರುವುದು ಆ 'ಎಲ್ಲಾ' ಅನ್ನುವುದರಲ್ಲಿ. ಮೊದಲೆಲ್ಲ ನಾನೂ ಹುಮ್ಮಸ್ಸಿನಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನಕ್ಕೆ ತುರುಕುತ್ತಿದ್ದೆ. ಒಂದು ಸಲ ದೊಡ್ಡಮ್ಮನ ಮನೆಯವರು ಏಳು ಜನ ಬಂದಿದ್ದರು. ಸಂಜೆ ನಾಲ್ಕೂವರೆಗೆ ಶ್ರವಣಬೆಳಗೊಳದ ಗೊಮ್ಮಟನ ಬೆಟ್ಟ ವಿಂಧ್ಯಗಿರಿಯ ಬುಡದಲ್ಲಿ ಗಾಡಿ ನಿಲ್ಲಿಸಿದರೆ ಒಬ್ಬರೂ ಕೆಳಗಿಳಿಯಲಿಲ್ಲ. "ಇಲ್ಲಿಂದಲೇ ಕೈ ಮುಗಿದರಾಯ್ತು ಬಿಡಪ್ಪ" ಎಂದರು ದೊಡ್ಡಪ್ಪ. ಆಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಹಾಕಿಕೊಂಡಾಗ ಯಾವುದು ಬೇಲೂರು, ಯಾವುದು ಹಳೇಬೀಡು ಎಂದು ಅವರವರಲ್ಲೇ ಜಗಳ.

ಅವತ್ತಿನಿಂದ ನಾನು ಬರುವವರನ್ನೇ ಮೊದಲು ಕೇಳುತ್ತೇನೆ. ಮಂಡಿ ಹೇಗಿದೆ? ಮಕ್ಕಳ ವಯಸ್ಸೆಷ್ಟು? ದೇವರ ದರ್ಶನ ಬೇಕಾ, ಸುಮ್ನೆ ಕಲ್ಲು ನೋಡಿದರೆ ಸಾಕಾ? ಉತ್ತರ ನೋಡಿಕೊಂಡು ಊರು ಆರಿಸುತ್ತೇನೆ.

ಲೆಕ್ಕವೂ ಸುಲಭ. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್. ಅಲ್ಲಿಂದ ಹಳೇಬೀಡು 16. ಹಳೇಬೀಡಿನಿಂದ ವಾಪಸ್ ಹಾಸನಕ್ಕೆ ಮೂವತ್ತು ಚಿಲ್ಲರೆ. ಇದೊಂದು ಸುತ್ತು. ಶ್ರವಣಬೆಳಗೊಳ ಇದಕ್ಕೆ ಪೂರ್ತಿ ಎದುರು ದಿಕ್ಕು, ಚನ್ನರಾಯಪಟ್ಟಣದ ಕಡೆ, ಹೋಗಲು ಸುಮಾರು 50 ಕಿಲೋಮೀಟರ್. ಮೂರನ್ನೂ ಒಂದೇ ದಿನ ಮುಗಿಸಬೇಕೆಂದರೆ ಹತ್ತಿರ ಹತ್ತಿರ 190 ಕಿಲೋಮೀಟರ್ ಓಡಾಟ, ಮೇಲೆ ಒಂದು ಬೆಟ್ಟ. ಬೆಂಗಳೂರಿನಿಂದ ಬರುವವರು ಬೆಳಗೊಳವನ್ನು ಬರುವಾಗಲೋ ಹೋಗುವಾಗಲೋ ದಾರಿಯಲ್ಲೇ ಮುಗಿಸಿಕೊಂಡರೆ ಒಳ್ಳೆಯದು. ಹಾಸನಕ್ಕೆ ಬಂದು, ಮತ್ತೆ ಅಲ್ಲಿಗೆ ಹೋಗಿ, ಮತ್ತೆ ಇಲ್ಲಿಗೆ ಬರುವುದು ಡೀಸೆಲ್ ದಂಡ.

ಬೇಲೂರು, ಹಳೇಬೀಡು ಎರಡೂ ಒಂದೇ ಅಲ್ವಾ?

ಎಲ್ಲರೂ ಕೇಳುವುದು ಇದನ್ನೇ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೇಳಿ ಜೋಡಿ ಹೆಸರಾಗಿಬಿಟ್ಟಿದೆ. ಕಲ್ಲು ಒಂದೇ, ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ, ಅದಕ್ಕೇ ಆ ಪಾಟಿ ಸಣ್ಣ ಕೆತ್ತನೆ ಸಾಧ್ಯವಾಯಿತು. ಕಟ್ಟಿದ ಕಾಲವೂ ಹೆಚ್ಚುಕಡಿಮೆ ಒಂದೇ. ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು, ಹಳೇಬೀಡಿನ ಹೊಯ್ಸಳೇಶ್ವರ ಅದಾದ ನಾಲ್ಕೈದು ವರ್ಷಕ್ಕೆ ಶುರುವಾಗಿದ್ದು. ಎರಡಕ್ಕೂ ಈಗ ಶಿಖರ ಇಲ್ಲ, ಹಾಗಾಗಿ "ಇದು ಅರ್ಧಕ್ಕೇ ನಿಂತುಹೋಯ್ತಾ?" ಎಂದು ಎರಡೂ ಕಡೆ ಕೇಳುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಇವೆರಡರ ಜೊತೆ ಸೋಮನಾಥಪುರವನ್ನೂ ಸೇರಿಸಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟದ ನಂತರ ಕರ್ನಾಟಕಕ್ಕೆ ಅದು ನಾಲ್ಕನೆಯದು.

ಆದರೆ ಒಳಗೆ ಕಾಲಿಟ್ಟ ಮೇಲೆ ಎರಡೂ ಬೇರೆಯೇ.

ಬೇಲೂರು ಬದುಕಿರುವ ಗುಡಿ. ಗಂಟೆ ಇದೆ, ತೀರ್ಥ ಇದೆ, ಹೂವಿನ ಅಂಗಡಿ ಇದೆ, ಚೈತ್ರದಲ್ಲಿ ತೇರು ಇದೆ, ಮದುವೆ ಮುಗಿಸಿ ಅರಿಸಿನದ ಬಟ್ಟೆಯಲ್ಲೇ ಬಂದು ಕೈಮುಗಿಯುವ ಹೊಸ ಜೋಡಿಗಳಿದ್ದಾರೆ. ಒಂಬತ್ತು ನೂರು ವರ್ಷದಿಂದ ಚೆನ್ನಕೇಶವನಿಗೆ ಇಲ್ಲಿ ಕೆಲಸ ತಪ್ಪಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಹಿಂದೆ ಮುಂದೆ ನೋಡದೆ ಬೇಲೂರಿಗೇ ಹೋಗಿ. ನನ್ನ ಅತ್ತೆಯವರನ್ನು ಒಮ್ಮೆ ಹಳೇಬೀಡಿಗೆ ಮಾತ್ರ ಕರೆದುಕೊಂಡು ಹೋಗಿದ್ದೆ. ಇಡೀ ಗೋಡೆ ಸುತ್ತಿ ಬಂದು, ಕಟ್ಟೆಯ ಮೇಲೆ ಕೂತು, "ಎಲ್ಲಾ ಚೆನ್ನಾಗಿದೆ, ಆದ್ರೆ ಗುಡಿಗೆ ಬಂದ ಹಾಗೆ ಆಗ್ಲಿಲ್ಲ" ಎಂದರು. ಅಲ್ಲೂ ಲಿಂಗ ಇದೆ, ಕೈಮುಗಿಯಬಹುದು. ಆದರೂ ಅವರು ಹೇಳಿದ್ದು ಸರಿ. ಬೇಲೂರಿನ ಆ ಸಡಗರ ಅಲ್ಲಿಲ್ಲ.

ಬೇಲೂರಿನಲ್ಲಿ ತೋರಿಸಬೇಕಾದ್ದು ಮದನಿಕೆಯರು, ಅಂದರೆ ಕಲ್ಲಿನ ಸುಂದರಿಯರ ಗೊಂಬೆಗಳು. ಒಟ್ಟು 42, ಹೊರಗೆ ಸೂರಿನ ಕೆಳಗೆ 38, ಒಳಗೆ ನಾಲ್ಕು. ಕನ್ನಡಿ ಹಿಡಿದ ದರ್ಪಣ ಸುಂದರಿಯನ್ನು ಎಲ್ಲ ಗೈಡ್‌ಗಳೂ ತೋರಿಸುತ್ತಾರೆ, ಅವಳ ಮುಂದೆ ಯಾವಾಗಲೂ ಜಾತ್ರೆ. ನಾನು ಹುಡುಕಿಸುವುದು ಸೀರೆ ಎಳೆಯುವ ಕೋತಿಯನ್ನು. ಇನ್ನೊಂದು ಕಡೆ ಹಣ್ಣಿನ ಮೇಲೆ ಕೂತ ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ. ಇದನ್ನು ಬಂದವರೇ ಹುಡುಕಿದಾಗ ಅವರ ಮುಖ ನೋಡಬೇಕು. ಕತ್ತು ನೋಯುತ್ತದೆ, ಒಂದೇ ಸಮನೆ ಮೇಲೆ ನೋಡಬೇಕಲ್ಲ. ಮಧ್ಯೆ ಮಧ್ಯೆ ಕೂತುಕೊಳ್ಳಿ.

ಉತ್ತರ ಭಾರತದ ಕಡೆಯಿಂದ ಬಂದವರಿಗೆ ನಾನು ತಪ್ಪದೆ ಹೇಳುವ ಇನ್ನೊಂದು ವಿಷಯ, ಈ ಗೊಂಬೆಗಳ ಪೀಠದಲ್ಲಿ ಕೆತ್ತಿದವರ ಹೆಸರು ಇರುವುದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನಮ್ಮ ದೇಶದಲ್ಲಿ ಕೆಲಸ ಮಾಡಿದವನ ಹೆಸರು ಉಳಿಯುವುದೇ ಅಪರೂಪ, ಇವರು ಕನ್ನಡದಲ್ಲಿ ಸಹಿ ಹಾಕಿ ಹೋಗಿದ್ದಾರೆ. ಜಕಣಾಚಾರಿ ಜನರ ಬಾಯಲ್ಲಿ ಬೆಳೆದ ಕತೆ, ಒಳ್ಳೆಯ ಕತೆ. ಕಲ್ಲೊಳಗಿನ ಕಪ್ಪೆ, ಅಪ್ಪನ ತಪ್ಪು ತೋರಿಸಿದ ಮಗ, ಪಕ್ಕದಲ್ಲೇ ಇರುವ ಕಪ್ಪೆ ಚೆನ್ನಿಗರಾಯ. ಮಕ್ಕಳಿದ್ದರೆ ಅದನ್ನು ಹೇಳಿ. ಆದರೆ ದಾಸೋಜನನ್ನೂ ಮರೆಯಬೇಡಿ.

ಹಳೇಬೀಡಿಗೆ ಬಂದರೆ ಕತ್ತು ಎತ್ತುವ ಕೆಲಸ ಕಡಿಮೆ, ಎಲ್ಲವೂ ಕಣ್ಣಿನ ಮಟ್ಟದಲ್ಲೇ ಇದೆ. ಕೆಳಗಿನಿಂದ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ರಾಮಾಯಣ ಮಹಾಭಾರತದ ಕತೆಗಳು, ಮಕರ, ಹಂಸ, ಆಮೇಲೆ ಆಳೆತ್ತರದ ದೇವರುಗಳು. ಆನೆಯಿಂದ ಆನೆಗೆ ಸೊಂಡಿಲಿನ ತಿರುವು ಬೇರೆ, ನಡಿಗೆ ಬೇರೆ. ಗಜಾಸುರನ ಚರ್ಮದೊಳಗೆ ಕುಣಿಯುವ ಶಿವ, ಕೈಲಾಸ ಎತ್ತುವ ರಾವಣ, ಅಭಿಮನ್ಯುವಿನ ಚಕ್ರವ್ಯೂಹ, ಒಂದಾದ ಮೇಲೆ ಒಂದು. ಕೋಲ್ಕತ್ತಾದ ಗೆಳೆಯನೊಬ್ಬ ಇಲ್ಲಿ ಒಂದೇ ಗೋಡೆಯ ಮುಂದೆ ಎರಡು ಗಂಟೆ ಕಳೆದ. ನಾನು ಹೊರಗೆ ಎಳನೀರು ಕುಡಿದು, ಕೆರೆ ನೋಡಿ, ಇನ್ನೊಂದು ಎಳನೀರು ಕುಡಿದು ವಾಪಸ್ ಬಂದರೂ ಅವನು ಅದೇ ಕುದುರೆಯ ಮುಂದೆ ನಿಂತಿದ್ದ.

ಅದೇ ಗೋಡೆಗೆ ಇಪ್ಪತ್ತು ನಿಮಿಷ ಕೊಟ್ಟವರೂ ಇದ್ದಾರೆ. ನಾವೊಮ್ಮೆ ಬಾಡಿಗೆಗೆ ಹಿಡಿದ ಗಾಡಿಯ ಡ್ರೈವರ್, "ಬೇಲೂರು ಆಯ್ತಲ್ಲ ಸಾರ್, ಇದೂ ಅದೇ, ಬೇಗ ಬನ್ನಿ" ಎಂದು ಹಾರ್ನ್ ಹೊಡೆಯುತ್ತಾ ಕೂತಿದ್ದ. ಅವನಿಗೆ ಸಂಜೆಯೊಳಗೆ ಇನ್ನೊಂದು ಟ್ರಿಪ್ ಇತ್ತಂತೆ. ಗಾಡಿ ಮಾತಾಡುವಾಗ ಕಿಲೋಮೀಟರ್ ಜೊತೆ ಗಂಟೆಯನ್ನೂ ಮಾತಾಡಿಕೊಳ್ಳಿ.

ಹಳೇಬೀಡಿನಲ್ಲಿ ಗುಡಿಯ ಹೊರಗೂ ನೋಡುವುದಿದೆ, ಜಾಸ್ತಿ ಜನ ಅದನ್ನು ಬಿಟ್ಟು ಹೋಗುತ್ತಾರೆ. ಅಲ್ಲೇ ಆವರಣದಲ್ಲಿ ಗರುಡ ಕಂಬ ಇದೆ. ಹೊಯ್ಸಳ ದೊರೆ ಎರಡನೇ ಬಲ್ಲಾಳ ಸತ್ತಾಗ ಅವನ ಜೊತೆಗೇ ಪ್ರಾಣ ಬಿಟ್ಟ ಅವನ ದಂಡನಾಯಕ ಕುವರಲಕ್ಷ್ಮನ ನೆನಪಿನ ಕಂಬ. ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವವರು ಅದರ ಮೇಲಿದ್ದಾರೆ. ನೋಡಿದರೆ ಮೈ ಜುಂ ಎನ್ನುತ್ತದೆ. ಸ್ವಲ್ಪ ದೂರದ ಬಸದಿಹಳ್ಳಿಯಲ್ಲಿ ಮೂರು ಬಸದಿಗಳಿವೆ. ಅದರಲ್ಲಿ ಪಾರ್ಶ್ವನಾಥ ಬಸದಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಒಳಗಿನ ಕಂಬಗಳಿಗೆ ಎಂಥ ಹೊಳಪು ಎಂದರೆ ಕೈ ಆಡಿಸಿದರೆ ಕಲ್ಲಿನಲ್ಲಿ ನಿಮ್ಮ ಕೈ ಕಾಣುತ್ತದೆ. ಅದರಾಚೆ ಕೇದಾರೇಶ್ವರ, 1219ರದ್ದು, ಚಿಕ್ಕದು, ಅಲ್ಲಿ ಹುಲ್ಲಿನ ಮೇಲೆ ಒಬ್ಬರೇ ಕೂರಬಹುದು.

ಊರಿನ ಹೆಸರೂ ಒಂದು ಕತೆಯೇ. ಇದು ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರ್‌ನ ದಂಡು ಬಂತು, ಆಮೇಲೆ ತುಘಲಕ್‌ನ ದಂಡು. ಜನ ಬಿಟ್ಟು ಹೋದ ಮೇಲೆ ಹಳೆಯ ಬೀಡು ಹಳೇಬೀಡಾಯಿತು. ಬೇಲೂರಿನಲ್ಲಿ ಗುಡಿ ಉಳಿಯಿತು, ಜನರೂ ಉಳಿದರು. ಇಲ್ಲಿ ಗೋಡೆ ಮಾತ್ರ ಉಳಿಯಿತು.

ಒಂದೇ ಒಂದು ನೋಡಬೇಕು ಎಂದರೆ? ನನ್ನ ಓಟು ಹಳೇಬೀಡಿಗೆ. ಅತ್ತೆಯವರ ಓಟು ಬೇಲೂರಿಗೆ. ಎರಡಕ್ಕೂ ಹೋಗುವವರು ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ ಹಳೇಬೀಡು ಎಂದು ಇಟ್ಟುಕೊಳ್ಳಿ. ಕಾರಣ ಇದೆ. ಬೇಲೂರಿನಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ಗರ್ಭಗುಡಿ ಮುಚ್ಚುತ್ತಾರೆ, ಅಂಗಳದ ಕಲ್ಲು ಕಾದು ಬರಿಗಾಲು ಚುರುಗುಟ್ಟುತ್ತದೆ. ಹಳೇಬೀಡಿನ ಒಳ್ಳೊಳ್ಳೆ ದೊಡ್ಡ ಶಿಲ್ಪಗಳು ಗುಡಿಯ ಹಿಂಭಾಗದಲ್ಲಿ, ಪಶ್ಚಿಮಕ್ಕೆ ಇವೆ. ನಾಲ್ಕು ಗಂಟೆಯ ಬಿಸಿಲು ಓರೆಯಾಗಿ ಅವುಗಳ ಮೇಲೆ ಬಿದ್ದಾಗ ನೋಡಬೇಕು. ಬೆಳಿಗ್ಗೆ ಅದೇ ಗೋಡೆ ನೆರಳಿನಲ್ಲಿ ಮಂಕಾಗಿ ಕೂತಿರುತ್ತದೆ.

ಗೊಮ್ಮಟನ ಲೆಕ್ಕ ಬೇರೆ

ಶ್ರವಣಬೆಳಗೊಳವನ್ನು ಈ ಎರಡರ ಜೊತೆ ಹೋಲಿಸುವುದೇ ತಪ್ಪು. ಅಲ್ಲಿ ಕೆತ್ತನೆಯ ಸೂಕ್ಷ್ಮ ಹುಡುಕಬೇಡಿ, ಅದು ಗಟ್ಟಿ ಗ್ರಾನೈಟ್. ಬೆಟ್ಟದ ತುದಿಯ ಬಂಡೆಯನ್ನೇ ಕಡೆದು ನಿಲ್ಲಿಸಿದ 58 ಅಡಿಯ ಮೂರ್ತಿ. ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ್ದು, 981ರ ಹೊತ್ತಿಗೆ. ಅಂದರೆ ಬೇಲೂರಿಗಿಂತ ನೂರಾ ಮೂವತ್ತಕ್ಕೂ ಹೆಚ್ಚು ವರ್ಷ ಹಳೆಯದು. ತೊಡೆಯ ಮೇಲಕ್ಕೆ ಯಾವ ಆಸರೆಯೂ ಇಲ್ಲದೆ ನಿಂತಿದೆ. ಕಾಲಿಗೆ ಬಳ್ಳಿ, ಪಕ್ಕದಲ್ಲಿ ಹುತ್ತ, ಮುಖದಲ್ಲಿ ಅಷ್ಟೇ ಅಷ್ಟು ನಗು.

ಇಲ್ಲಿ ತೀರ್ಮಾನ ಮಾಡುವುದು ಮಂಡಿ. ವಿಂಧ್ಯಗಿರಿಗೆ 600ಕ್ಕಿಂತ ಜಾಸ್ತಿ ಮೆಟ್ಟಿಲು, ಬಂಡೆಯಲ್ಲೇ ಕಡೆದದ್ದು, ಚಪ್ಪಲಿ ಹಾಕುವಂತಿಲ್ಲ. ಕಾಲುಚೀಲ ಹಾಕಬಹುದು, ಒಂದು ಜೊತೆ ಹಳೆಯ ಸಾಕ್ಸ್ ಚೀಲದಲ್ಲಿ ಇಟ್ಟುಕೊಳ್ಳಿ. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ, ದರ ಮೊದಲೇ ಕೇಳಿಕೊಳ್ಳಿ. ಬೆಳಿಗ್ಗೆ ಎಂಟರೊಳಗೆ ಹತ್ತಲು ಶುರು ಮಾಡಿದರೆ ಅರವತ್ತರವರೂ ನಿಧಾನಕ್ಕೆ ಹತ್ತುತ್ತಾರೆ, ಹನ್ನೊಂದರ ಮೇಲೆ ಇಪ್ಪತ್ತರವರೂ ಗೊಣಗುತ್ತಾರೆ. ಮೇಲೆ ಹೋದವರು ಗುಳ್ಳಕಾಯಜ್ಜಿಯನ್ನು ನೋಡದೆ ಇಳಿಯಬೇಡಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಸೊಂಟದ ಕೆಳಗೆ ಇಳಿಯದ ಅಭಿಷೇಕ, ಅಜ್ಜಿಯ ಒಂದು ಪುಟ್ಟ ಗುಳ್ಳಕಾಯಿಯ ಹಾಲಿಗೆ ಪಾದದವರೆಗೂ ಇಳಿಯಿತಂತೆ. ದೊಡ್ಡ ಮೂರ್ತಿ ಮಾಡಿಸಿದವನ ಎದುರಿಗೇ ಅಜ್ಜಿಯನ್ನು ನಿಲ್ಲಿಸಿದ್ದಾರೆ ನೋಡಿ, ನಮ್ಮ ಜನ ಬುದ್ಧಿವಂತರು.

ಹತ್ತುವುದು ಬೇಡ, ಆದರೆ ಊರು ನೋಡಬೇಕು ಎನ್ನುವವರಿಗೆ ಎದುರಿನ ಚಂದ್ರಗಿರಿ. ಚಿಕ್ಕ ಬೆಟ್ಟ, ಮೆಟ್ಟಿಲು ಕಡಿಮೆ, ಗಲಾಟೆ ಇಲ್ಲ. ಮೌರ್ಯರ ಚಂದ್ರಗುಪ್ತ ಭದ್ರಬಾಹುವಿನ ಜೊತೆ ಬಂದು ಇಲ್ಲೇ ದೇಹ ಬಿಟ್ಟನೆಂದು ಜೈನ ಪರಂಪರೆ ಹೇಳುತ್ತದೆ. ಅಲ್ಲಿಂದ ಗೊಮ್ಮಟನ ತಲೆ, ಭುಜ ಕಾಣುತ್ತವೆ. ನನಗೆ ಕೆಲವೊಮ್ಮೆ ಆ ನೋಟವೇ ಜಾಸ್ತಿ ಇಷ್ಟ. ಕೆಳಗೆ ಊರಿನಲ್ಲೇ ಅಕ್ಕನ ಬಸದಿ ಇದೆ, ಬಲ್ಲಾಳನ ಮಂತ್ರಿಯ ಹೆಂಡತಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ್ದು. ಮೆಟ್ಟಿಲೇ ಬೇಡ.

ಮಹಾಮಸ್ತಕಾಭಿಷೇಕ 2018ರಲ್ಲಿ ಆಯಿತು. 12 ವರ್ಷಕ್ಕೊಮ್ಮೆ, ಅಂದರೆ ಮುಂದಿನದು 2030ಕ್ಕೆ. ಅದನ್ನು ನೋಡಲೆಂದೇ ಬರುವವರು ಈ ಹೋಲಿಕೆಯನ್ನೆಲ್ಲ ಬದಿಗಿಟ್ಟು ಬೆಳಗೊಳಕ್ಕೆ ಮಾತ್ರ ಬನ್ನಿ.

"ಹಂಪಿ ನೋಡಿದ್ದೀವಿ, ಇದೇನು ಮಹಾ?"

ಇದನ್ನೂ ಕೇಳಿದ್ದೇನೆ. ಇಬ್ಬರಿಂದ. ಹಂಪಿ ಮುಗಿಸಿ ಬಂದವರಿಗೆ ನಮ್ಮ ಗುಡಿಗಳು ಚಿಕ್ಕವು ಅನ್ನಿಸುತ್ತವೆ. ಹೌದು, ಚಿಕ್ಕವೇ. ಹಂಪಿಯನ್ನು ಮಾತಂಗ ಬೆಟ್ಟ ಹತ್ತಿ ನೋಡಬೇಕು, ಬಂಡೆ, ಹೊಳೆ, ಗೋಪುರ ಎಲ್ಲ ಒಟ್ಟಿಗೆ. ತಾಜ್ ಮಹಲನ್ನು ಬಾಗಿಲಲ್ಲಿ ನಿಂತು ದೂರದಿಂದ ನೋಡಬೇಕು. ಹಳೇಬೀಡನ್ನು ಒಂದು ಗೇಣು ದೂರದಿಂದ ನೋಡಬೇಕು, ಮೂಗು ಗೋಡೆಗೆ ತಾಗುವಷ್ಟು. ದೂರ ನಿಂತು ಫೋಟೋ ತೆಗೆದರೆ ಕಾಣುವುದು ಒಂದು ಕಪ್ಪು ಚಪ್ಪಟೆ ಕಟ್ಟಡ ಅಷ್ಟೇ. ಮೂರು ದಿನ ಇದ್ದು ದೊಡ್ಡದಾಗಿ ಸುತ್ತಬೇಕು ಎನ್ನುವವರು ಹಂಪಿಗೆ ಹೋಗಲಿ. ಒಂದು ದಿನ ಇದ್ದು ಸಣ್ಣದನ್ನು ನೋಡುವ ತಾಳ್ಮೆ ಇರುವವರು ನಮ್ಮಲ್ಲಿಗೆ ಬರಲಿ.

ಮೈಸೂರಿನಲ್ಲಿ ಉಳಿದುಕೊಂಡು "ಹಾಸನಕ್ಕೆ ಒಂದು ದಿನದಲ್ಲಿ ಬಂದು ಹೋಗೋಣವಾ?" ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ, ನಮ್ಮೂರಿಗೆ ಬರಬೇಡಿ ಎಂದು ಹೇಳಲು ಬೇಜಾರಾದರೂ. ಅವರಿಗೆ ಸೋಮನಾಥಪುರ ಇದೆ, ಮೈಸೂರಿನಿಂದ 35 ಕಿಲೋಮೀಟರ್. 1258ರ ಗುಡಿ, ಮೂರು ಗರ್ಭಗುಡಿಗೂ ಮೂರು ಶಿಖರ ಇನ್ನೂ ಇವೆ. ಹೊಯ್ಸಳ ಗುಡಿ ಪೂರ್ತಿಯಾಗಿದ್ದರೆ ಹೇಗಿರುತ್ತಿತ್ತು ಎಂದು ಕೇಳುವವರಿಗೆ ಅದೇ ಉತ್ತರ. ಪೂಜೆ ಇಲ್ಲ, ಹಾಗಾಗಿ ಅತ್ತೆಯವರನ್ನು ಕರೆದುಕೊಂಡು ಹೋಗುವ ಮೊದಲು ಯೋಚಿಸಿ.

ಮಕ್ಕಳಿದ್ದರೆ, ಜನಸಂದಣಿ ಬೇಡವೆಂದರೆ

ನ್ಯೂಜೆರ್ಸಿಯಿಂದ ಬಂದ ತಂಗಿಯ ಮಕ್ಕಳಿಬ್ಬರು, ಹತ್ತು ಮತ್ತು ಹದಿಮೂರು ವರ್ಷ, ಬೇಲೂರಿನಲ್ಲಿ ಅರ್ಧ ಗಂಟೆಗೆ ಆಕಳಿಸಿದರು. ಸಳ ಹುಲಿ ಹೊಡೆಯುವ ಗೊಂಬೆ ನೋಡಿ "ಹೊಯ್, ಸಳ!" ಎಂದು ಐದು ನಿಮಿಷ ಕೂಗಿದರು, ಮುಗಿಯಿತು. ಮಾರನೇ ದಿನ ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋದೆ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮಕ್ಕಳು ಮೊದಲು ಡ್ರೋನ್‌ನಲ್ಲಿ ತೆಗೆದ ಫೋಟೋ ನೋಡಿದ್ದರು, ಆಮೇಲೆ ಗೋಡೆಯ ಮೇಲೆ ನಡೆದು ಮೂಲೆ ಎಣಿಸಿದರು. ವಾಪಸ್ ಹೋಗಿ ಶಾಲೆಯಲ್ಲಿ ಹೇಳಿದ್ದು ಅದನ್ನೇ, ಹೊಯ್ಸಳರನ್ನಲ್ಲ. ಮಳೆಗಾಲದಲ್ಲಿ ಅಲ್ಲಿ ಕಲ್ಲು ಜಾರುತ್ತದೆ, ಜೊತೆಗೆ ಜಿಗಣೆ.

ಅವರಿಗೆ ಇಷ್ಟವಾದ ಇನ್ನೊಂದು ಶೆಟ್ಟಿಹಳ್ಳಿಯ ಮುಳುಗುವ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟಿದ ಮೇಲೆ ಹಿನ್ನೀರು ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ನೀರಿನ ನಡುವೆ ಕಮಾನುಗಳು ಮಾತ್ರ, ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು. ಗೋಡೆ ಶಿಥಿಲವಾಗಿದೆ, ಕೆಳಗೆ ನಿಂತು ಸೆಲ್ಫಿ ಬೇಡ. ನೀರು ಎಷ್ಟಿದೆ ಎಂದು ಹೊರಡುವ ಮೊದಲು ಸ್ಥಳೀಯರನ್ನು ಕೇಳಿಕೊಂಡರೆ ನಿರಾಸೆ ಆಗುವುದಿಲ್ಲ.

ಇನ್ನು ಗುಡಿಯೇ ಬೇಕು, ಗೈಡು, ಗದ್ದಲ ಬೇಡ ಎನ್ನುವವರಿಗೆ ದೊಡ್ಡಗದ್ದವಳ್ಳಿ. ಬೇಲೂರು ರಸ್ತೆಯಲ್ಲಿ ಹಾಸನದಿಂದ ಸುಮಾರು 20 ಕಿಲೋಮೀಟರ್ ಹೋಗಿ ಒಳಗೆ ತಿರುಗಬೇಕು. ಕೆರೆಯ ದಡದಲ್ಲಿ ಲಕ್ಷ್ಮೀದೇವಿ ಗುಡಿ, ಬೇಲೂರಿಗಿಂತಲೂ ಮೂರ್ನಾಲ್ಕು ವರ್ಷ ಮೊದಲಿನದು. ರಾಜನಲ್ಲ, ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ, ಕಾಳಿಯ ಬಾಗಿಲಲ್ಲಿ ಎಲುಬಿನ ಗೂಡಿನಂಥ ಬೇತಾಳಗಳು. 2020ರಲ್ಲಿ ಒಳಗಿನ ಕಾಳಿ ವಿಗ್ರಹ ಒಡೆದದ್ದು ಗೊತ್ತಾದಾಗ ಹಾಸನದವರಿಗೆಲ್ಲ ಮನೆಯಲ್ಲೇ ಏನೋ ಒಡೆದ ಹಾಗಾಯಿತು. ಮೊಸಳೆ ಎಂಬ ಊರಿನ ಜೋಡಿ ಗುಡಿ, ಕೋರವಂಗಲದ ಬೂಚೇಶ್ವರ ಗುಡಿ ಕೂಡ ಹಾಸನಕ್ಕೆ ಹತ್ತಿರದಲ್ಲೇ ಇವೆ, ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ. ಹೋಗುವಾಗ ನೀರು, ತಿಂಡಿ ನೀವೇ ಒಯ್ಯಿರಿ, ಅಲ್ಲಿ ಹೋಟೆಲ್ ಹುಡುಕಬೇಡಿ.

ಬಸ್ಸಿನವರಿಗೆ ಒಂದು ಮಾತು. ಹಾಸನದಿಂದ ಬೇಲೂರಿಗೆ, ಬೇಲೂರಿನಿಂದ ಹಳೇಬೀಡಿಗೆ, ಹಳೇಬೀಡಿನಿಂದ ಹಾಸನಕ್ಕೆ ಬಸ್ಸಿಗೆ ಬರವಿಲ್ಲ. ಆ ಸುತ್ತಿಗೆ ಕಾರು ಬೇಕೇ ಬೇಕು ಅಂತಿಲ್ಲ. ದೊಡ್ಡಗದ್ದವಳ್ಳಿ, ಶೆಟ್ಟಿಹಳ್ಳಿಗೆ ಮಾತ್ರ ಸ್ವಂತ ಗಾಡಿಯೋ ಆಟೋವೋ ಬೇಕು. ಬೆಳಗೊಳಕ್ಕೆ ಬೆಂಗಳೂರಿನಿಂದ ರೈಲೂ ಇದೆ, 2017ರಿಂದ.

ನವೆಂಬರ್‌ನಿಂದ ಫೆಬ್ರವರಿ ಯಾವಾಗ ಬಂದರೂ ಚೆನ್ನ. ಒಂದು ಜಾಗಕ್ಕೆ ಮಾತ್ರ ಈ ಆಯ್ಕೆಯೆಲ್ಲ ನಡೆಯುವುದಿಲ್ಲ, ಅವಳು ಕರೆದಾಗ ಹೋಗಬೇಕು: ನಮ್ಮೂರಿಗೆ ಹೆಸರು ಕೊಟ್ಟ ಹಾಸನಾಂಬೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆಯುತ್ತಾರೆ, ದೀಪಾವಳಿ ಮುಗಿಯುತ್ತಿದ್ದಂತೆ ಮುಚ್ಚುತ್ತಾರೆ, ಮತ್ತೆ ಮುಂದಿನ ವರ್ಷವೇ. ಹಚ್ಚಿಟ್ಟ ದೀಪ ವರ್ಷವಿಡೀ ಆರುವುದಿಲ್ಲ, ಇಟ್ಟ ಹೂವು ಬಾಡುವುದಿಲ್ಲ ಎಂಬುದು ಊರಿನ ನಂಬಿಕೆ. ಆ ದಿನಗಳಲ್ಲಿ ಸಾಲು ಬೀದಿ ದಾಟಿ ನಿಂತಿರುತ್ತದೆ, ಲಾಡ್ಜ್‌ಗಳು ತುಂಬಿರುತ್ತವೆ. ಬರುವುದಾದರೆ ಹದಿನೈದು ದಿನ ಮೊದಲು ಫೋನ್ ಮಾಡಿ, ಯಾಕೆಂದರೆ ಆಗ ನಮ್ಮ ಮನೆಯ ನಡುಮನೆಯಲ್ಲೂ ಚಾಪೆ ಹಾಸಲು ಜಾಗ ಇರುವುದಿಲ್ಲ.